ಬಲೂನಕ್ಕನ ಬಳಗ

ವಿಶ್ವವಿದ್ಯಾಲಯದ ವಿಜ್ಞಾನವನ್ನು ಬಲೂನು ಊದಿ ತೋರಿಸುತ್ತ ಜನರ ಬಳಿಗೆ ಒಯ್ಯುವ ಬಲೂನಕ್ಕನ ಮನೆಯಲ್ಲಿ ಜರಡಿ, ಸೌಟು ಬೇಕೆಂದರೆ ಪ್ರಯೋಗದ ಪೆಟ್ಟಿಗೆಯಲ್ಲೇ ಹುಡುಕಬೇಕು. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಇಂಥದೇ ಪೆಟ್ಟಿಗೆ ಹೊರುವವರನ್ನು ಸೇರಿಸಿ ಅವಳು ಕಟ್ಟಿದ ಬಳಗಕ್ಕೆ ಎರಡೇ ನಿಯಮ: ಕೈಕೊಟ್ಟ ಪ್ರಯೋಗವನ್ನು ಮೊದಲು ಹೇಳಬೇಕು, ಕೆಲಸವೆಲ್ಲ ಸರದಿಯ ಮೇಲೆ ನಡೆಯಬೇಕು. ಅವಳ ಸ್ವಂತ ಮನೆಗೆಲಸದಲ್ಲಿ ಮಾತ್ರ ಸರದಿ ಎಂದೂ ಅವಳನ್ನು ದಾಟಿ ಮುಂದೆ ಹೋಗಿಲ್ಲ. "ಟೀ ನೀವು ಮಾಡಿದ್ರೇನೇ ರುಚಿ ಅಕ್ಕಾ" ಎಂದು, ಬಳಗ ಸೇರಿದ ದಿನ ತನ್ನ ಟೀ ಸರದಿ ತಪ್ಪಿಸಿಕೊಳ್ಳಲು ಬೆಣ್ಣೆ ಹಚ್ಚಿದ ಭೌತಶಾಸ್ತ್ರದವನಿಗೆ, "ನೀರು ಯಾವಾಗ ಕುದಿಯತ್ತೆ ಅಂತ ಊರಿಗೆಲ್ಲ ಹೇಳೋನು ನೀನೇ ಅಲ್ವೇನಪ್ಪಾ?" ಎಂದು ಪಾತ್ರೆ ಹಿಡಿಸಿದಳು. ಆ ಸೀದ ಟೀಗೆ ಎಲ್ಲರೂ ಮುಖ ಕಿವಿಚಿದರು. ಬಲೂನಕ್ಕ ಮಾತ್ರ ಕೂತಲ್ಲಿಗೇ ಬಂದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕೊನೆಯ ಗುಟುಕಿನವರೆಗೂ ಕುಡಿದಳು. ಆಮೇಲೆ ತನ್ನ ಸರದಿಯ ನಿಯಮವನ್ನು ತಾನೇ ಮುರಿದಳು: "ಮುಂದಿನ ಸಲಾನೂ ನೀನೇ ಮಾಡಪ್ಪಾ."