ಹಮೀದಾಕರ ಆರನೇ ಪ್ರಶ್ನೆ

ಕಳೆದ ಶನಿವಾರ ಬೆಳಿಗ್ಗೆ ಹಮೀದಾಕ ಬಾಗಿಲು ತಟ್ಟಿದರು. ಕೈಯಲ್ಲಿ ಕಾಗದ, ಪೆನ್ನು. ಮುಖದಲ್ಲಿ ಸಿಟ್ಟು.

"ಬಾಯಿ, ಒಂದು ಕಂಪ್ಲೇಂಟ್ ಬರೀಲಿಕ್ಕುಂಟು. ಇಂಗ್ಲಿಷಲ್ಲಿ. ನೀವು ಬರೆದ್ರೆ ಗಟ್ಟಿ ಇರ್ತದೆ."

ಯಾರ ಮೇಲೆ ಎಂದು ಕೇಳಿದೆ.

"ಆ ನಮೀಬಿಯಾದವರ ಮೇಲೆ. ಮಾತು ಕೊಟ್ಟು ತಪ್ಪಿದ್ದಾರೆ ಅಂತ ಬರೀರಿ."

ಒಳಗೆ ಕರೆದೆ. ಚಹಾ ಇಟ್ಟೆ. ಬರೆಯಲು ಮಾತ್ರ ಕೈ ಏಳಲಿಲ್ಲ. ಏಕೆಂದರೆ ನಮೀಬಿಯಾದವರು ಅಂಥ ಮಾತನ್ನೇ ಕೊಟ್ಟಿರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಹಮೀದಾಕ ಯಾರೆಂದು ಹೇಳುತ್ತೇನೆ. (ಹಮೀದ್ ಕಾಕ. ಬಾಯಲ್ಲಿ ಹಮೀದಾಕ.) ಬಂಟ್ವಾಳದ ಕಡೆಯ ಬ್ಯಾರಿ. ಇಲ್ಲಿ ಗಲ್ಫಿನ ದೇರಾ ಪೇಟೆಯಲ್ಲಿ ಮಸಾಲೆ ಸಾಮಾನಿನ ಹೋಲ್‌ಸೇಲ್ ಅಂಗಡಿ. ನಮ್ಮದೇ ಬಿಲ್ಡಿಂಗ್, ನನಗಿಂತ ಎರಡು ಮಹಡಿ ಮೇಲೆ. ನನ್ನನ್ನು 'ಬಾಯಿ' ಎನ್ನುತ್ತಾರೆ. ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. (ನಾವಿಬ್ಬರು ಆಡುವುದು ಅರ್ಧ ತುಳು, ಅರ್ಧ ಕನ್ನಡ. ನಿಮಗಾಗಿ ಪೂರ್ತಿ ಕನ್ನಡ ಮಾಡಿದ್ದೇನೆ.)

ನಾನು ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರುಗಳ ಪತ್ರ ಟೈಪ್ ಮಾಡುವವಳು. ಅದು ಗೊತ್ತಾದ ದಿನದಿಂದ ಇಡೀ ಬಿಲ್ಡಿಂಗಿಗೆ ನಾನೇ ಟೈಪಿಂಗ್ ಸೆಂಟರ್. ವಾಚ್‌ಮನ್‌ನ ರಜೆ ಅರ್ಜಿ, ಫ್ಲ್ಯಾಟ್ ಮಾಲೀಕನಿಗೆ ಏಸಿ ದೂರು, ಶಾಲೆಗೆ ವಿನಂತಿ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಬರೆಯುವಾಗ ಸ್ವಲ್ಪ ಸಭ್ಯ ಮಾಡುತ್ತೇನೆ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಏಳು ವರ್ಷದ ಹಿಂದೆ ಹಮೀದಾಕರಿಗೆ ಶುಗರ್ ಬಂತು. ವ್ಯಾಯಾಮ ಮಾಡಿ ಎಂದರು ಡಾಕ್ಟರು. ಬೇರೆಯವರಾದರೆ ವಾಕಿಂಗ್ ಶುರು ಮಾಡುತ್ತಿದ್ದರು. ಇವರು ಬಿಲ್ಲು ಹಿಡಿದರು! ವಾರ ತಪ್ಪದೆ ಆರ್ಚರಿ ಕ್ಲಬ್ಬಿಗೆ ಹೋದರು. ಜೀವಮಾನದಲ್ಲಿ ಒಮ್ಮೆ ಬಿಲ್ಲಿನಲ್ಲಿ ಬೇಟೆಯಾಡಬೇಕು ಎಂಬ ಆಸೆ ಮೆಲ್ಲಗೆ ಬೆಳೆಯಿತು.

(ಗೊತ್ತು, ನಿಮ್ಮಲ್ಲಿ ಕೆಲವರು ಇಲ್ಲಿಗೇ ಪುಟ ತಿರುವುತ್ತೀರಿ. ನನಗೂ ಬೇಟೆ ಹಿಡಿಸುವುದಿಲ್ಲ. ಆದರೆ ಭಾನುವಾರ ಇಗರ್ಜಿಯಿಂದ ಬರುತ್ತಾ ಕೋಳಿ ಹಿಡಿದುಕೊಂಡು ಬರುವವಳು ನಾನು. ಹೆಚ್ಚು ಮಾತಾಡುವ ಹಕ್ಕು ನನಗಿಲ್ಲ.)

ನಮ್ಮ ದೇಶದಲ್ಲಿ ಬೇಟೆ ಅಪರಾಧ. ಆಫ್ರಿಕಾದ ಕೆಲವು ದೇಶಗಳಲ್ಲಿ ಪರ್ಮಿಟ್ ಪಡೆದು ಆಡಬಹುದು. ಪರ್ಮಿಟ್, ಕ್ಯಾಂಪ್, ಗೈಡ್, ಜೀಪು, ಊಟ ಎಲ್ಲವನ್ನೂ ಏರ್ಪಾಡು ಮಾಡುವ ಕಂಪನಿಗೆ ಔಟ್‌ಫಿಟ್ಟರ್ ಎನ್ನುತ್ತಾರಂತೆ. ಇಂಥವರು ಎಷ್ಟೋ ಜನ ಇದ್ದಾರೆ. ಎಲ್ಲರ ವೆಬ್‌ಸೈಟಿನಲ್ಲೂ ಅದೇ ಸೂರ್ಯಾಸ್ತ, ಅದೇ ನಗು. ಯಾರನ್ನು ನಂಬುವುದು?

ಹಮೀದಾಕ ಮೂರು ಕಂಪನಿಗಳನ್ನು ಆರಿಸಿ ನನ್ನ ಬಳಿ ಬಂದರು. ಆರು ಪ್ರಶ್ನೆ ಹೇಳಿದರು. ಪ್ರಾಣಿಗಳನ್ನು ಬೇಲಿಯೊಳಗೆ ಸಾಕಿದ್ದೀರಾ, ಕಾಡಿನವೇ? ಒಬ್ಬ ಗೈಡ್‌ಗೆ ಎಷ್ಟು ಜನ? ಮಾಂಸ ಯಾರಿಗೆ ಹೋಗುತ್ತದೆ? ಊಟ ಹಲಾಲ್ ಇದೆಯಾ? ಬರಿಗೈಲಿ ವಾಪಸ್ ಹೋದ ಒಬ್ಬರ ನಂಬರ್ ಕೊಡುತ್ತೀರಾ? (ಇದು ನನಗೆ ಬಹಳ ಇಷ್ಟವಾಯಿತು. ಖುಷಿಯಾದವರ ನಂಬರ್ ಎಲ್ಲರೂ ಕೊಡುತ್ತಾರೆ.)

ಆಮೇಲೆ ಆರನೆಯದನ್ನು ಹೇಳಿದರು.

"ಬಾಣ ತಾಗಿದ ಕೂಡ್ಲೆ ಪ್ರಾಣಿ ಬೀಳುದಿಲ್ಲ ಬಾಯಿ, ಓಡ್ತದೆ. ನನ್ನ ಬಾಣ ಸರಿ ಜಾಗಕ್ಕೆ ತಾಗದೆ ಓಡಿದ್ರೆ ಎಷ್ಟು ದಿನ ಹುಡುಕ್ತೀರಿ, ವಾಸನೆ ಹಿಡಿಯುವ ನಾಯಿ ಉಂಟಾ, ಕೇಳಿ. ಬಿಸ್ಮಿಲ್ಲಾ ಹೇಳಿ ಬಿಡುವ ಬಾಣ ಅದು. ನರಳ್ಲಿಕ್ಕೆ ಬಿಟ್ಟು ಬರ್ಲಿಕ್ಕೆ ಆಗ್ತದಾ?"

ಬರೆದೆ. ಅವರು ಹೋದ ಮೇಲೆ ಪತ್ರವನ್ನು ಮತ್ತೆ ಓದಿದೆ. ಆರನೇ ಪ್ರಶ್ನೆ ಕಣ್ಣಿಗೆ ಚುಚ್ಚಿತು. ಹೊರಡುವ ಮೊದಲೇ ಗುರಿ ತಪ್ಪುವ ಮಾತೇ? ನಮ್ಮ ಕಡೆ ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳುವುದೂ ಅಪಶಕುನ. ಅದೂ ಅಲ್ಲದೆ, ಗುರುತಿಲ್ಲದವರಿಗೆ ಬರೆಯುವ ಮೊದಲ ಪತ್ರದಲ್ಲೇ ಅನುಮಾನ ತೋರಿಸಿದರೆ ಏನೆಂದುಕೊಂಡಾರು?

ಅಳಿಸಿದೆ. ಹಮೀದಾಕರಿಗೆ ಹೇಳಲಿಲ್ಲ.

ಮೂವರಲ್ಲಿ ಇಬ್ಬರಿಂದ ನನ್ನ ಮೇಲ್‌ಗೆ ಉತ್ತರ ಬಂತು. ಒಬ್ಬನದು ಒಣ ಪತ್ರ. ಬಿಲ್ಲಿನಲ್ಲಿ ಎಷ್ಟು ವರ್ಷದ ಅಭ್ಯಾಸ, ಎಷ್ಟು ದೂರದಿಂದ ಖಚಿತವಾಗಿ ಹೊಡೆಯಬಲ್ಲಿರಿ ಎಂದು ನಮ್ಮನ್ನೇ ವಿಚಾರಿಸಿದ್ದ. ಕೊನೆಯಲ್ಲಿ, ಯಾರೂ ಕೇಳದೆಯೇ ಬರೆದಿದ್ದ: ನಮ್ಮಲ್ಲಿ ಎರಡು ನಾಯಿಗಳಿವೆ, ನೀವು ಗಾಯಗೊಳಿಸಿದ ಪ್ರಾಣಿ ಸಿಗುವವರೆಗೆ ನಿಮ್ಮ ಬೇಟೆ ಬಂದ್, ನಿಮ್ಮ ರಜೆ ಅದರಲ್ಲೇ ಮುಗಿದರೂ ಸರಿ.

ಇನ್ನೊಬ್ಬರದು, ಅಂದರೆ ಈ ನಮೀಬಿಯಾದವರದು, ಜೇನಿನಂಥ ಪತ್ರ. ಡಿಯರ್ ಬ್ರದರ್ ಹಮೀದ್! ಐದೂ ಪ್ರಶ್ನೆಗೆ ಚೆಂದದ ಉತ್ತರ. ಜೊತೆಗೊಂದು ಸಿಹಿ ಸುದ್ದಿ: ಅವರ ಕ್ಯಾಂಪಿನ ಅಡುಗೆಯವರು ಉಳ್ಳಾಲದವರು.

ಮುಗಿಯಿತಲ್ಲ! ಗಲ್ಫಿನಲ್ಲಿ ನಾವು ಫ್ಲ್ಯಾಟ್ ಹುಡುಕುವುದು ಹಾಗೆ, ದಂತವೈದ್ಯರನ್ನು ಹುಡುಕುವುದು ಹಾಗೆ, ಮಕ್ಕಳಿಗೆ ಶಾಲೆ ಹುಡುಕುವುದೂ ಹಾಗೆ. ನಮ್ಮೂರಿನವರು ಯಾರಾದರೂ ಇದ್ದಾರಾ? ಇದ್ದರೆ ಖಲಾಸ್, ಮುಂದಿನ ವಿಚಾರಣೆ ಇಲ್ಲ.

"ಆ ಮತ್ತೊಬ್ಬ ಹೇಗೆ?" ಎಂದು ಹಮೀದಾಕ ಕೇಳಿದ್ದರು.

"ಸ್ವಲ್ಪ ಒರಟು," ಎಂದೆ.

"ಇವರು ಎಲ್ಲದಕ್ಕೂ ಉತ್ತರ ಕೊಟ್ಟಿದ್ದಾರಲ್ಲ?"

"ಎಲ್ಲದಕ್ಕೂ," ಎಂದೆ.

ಹಮೀದಾಕ ನಮೀಬಿಯಾಕ್ಕೆ ಹೋದರು. ಮೂರನೇ ದಿನ ಸಂಜೆ ನೀರಿನ ಹೊಂಡಕ್ಕೆ ತಿರುಚಿದ ಕೊಂಬಿನ ಒಂದು ದೊಡ್ಡ ಜಿಂಕೆ ಬಂತಂತೆ. ಇಪ್ಪತ್ತು ಮೀಟರ್ ದೂರ. ಬಾಣ ಬಿಡುವ ಹೊತ್ತಿಗೆ ಅದು ಒಂದು ಹೆಜ್ಜೆ ಮುಂದಿಟ್ಟಿತು. ಎದೆಗೆ ಹೋಗಬೇಕಾದದ್ದು ಹೊಟ್ಟೆಗೆ ಹೋಯಿತು. ಗೈಡ್ ಕತ್ತಲಾಗುವವರೆಗೆ ಹುಡುಕಿದ. ಮರುದಿನ ಬೆಳಿಗ್ಗೆ ಜೀಪು ತಂದು ನಿಲ್ಲಿಸಿ, ಬನ್ನಿ, ಇನ್ನೊಂದು ಹೊಂಡಕ್ಕೆ ಹೋಗೋಣ ಎಂದ. ಮೊದಲಿನದು? ಅದು ಎಲ್ಲೋ ಸಾಯುತ್ತದೆ ಬಿಡಿ ಎಂದ. ನಾಯಿ ಇರಲಿಲ್ಲ.

ಇವರು ಜೀಪು ಹತ್ತಲಿಲ್ಲ. ಬಿಲ್ಲನ್ನು ಕ್ಯಾಂಪಿನಲ್ಲೇ ಇಟ್ಟು, ಉಳಿದ ಎರಡು ದಿನ ನಡೆದೇ ಹುಡುಕಿದರು. ಜೊತೆಗೆ ಹೋದದ್ದು ಯಾರು ಗೊತ್ತೇ? ಉಳ್ಳಾಲದ ಆ ಅಡುಗೆಯವರು! ಪಾಪ, ಒಳ್ಳೆಯ ಮನುಷ್ಯ. ಆದರೆ ರಕ್ತದ ಜಾಡು ಹಿಡಿಯುವುದು ಅವರಿಗೆ ಹೇಗೆ ಗೊತ್ತಿರಬೇಕು? ಒಣಗಿದ ನಾಲ್ಕು ಹನಿ ಸಿಕ್ಕಿತು. ಜಿಂಕೆ ಸಿಗಲಿಲ್ಲ.

ಇದಿಷ್ಟನ್ನೂ ಹಮೀದಾಕ ಕಳೆದ ಶನಿವಾರ ನನ್ನ ಸೋಫಾದಲ್ಲಿ ಕುಳಿತು ಹೇಳಿದರು. "ಅದು ಎಷ್ಟು ಹೊತ್ತು ನರಳಿತೋ ಬಾಯಿ," ಎಂದರು. ಅರವತ್ತು ದಾಟಿದ ಮನುಷ್ಯ. ಕಣ್ಣು ತುಂಬಿತ್ತು.

"ಬರೀರಿ. ಹುಡುಕ್ತೇವೆ ಅಂತ ಹೇಳಿ ಮೋಸ ಮಾಡಿದ್ರಿ ಅಂತ ಬರೀರಿ. ಆರನೇ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಉಂಟಲ್ಲ, ಅದನ್ನೇ ಅವರ ಮುಖಕ್ಕೆ ಹಿಡೀರಿ."

ಆ ಕ್ಷಣದಲ್ಲಿ ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹಳೆಯ ಮೇಲ್ ಡಿಲೀಟ್ ಆಗಿದೆ ಎಂದರೆ ಸಾಕಿತ್ತು, ನಂಬುತ್ತಿದ್ದರು. ನಂಬುತ್ತಾರೆ ಎಂಬುದೇ ನನ್ನನ್ನು ತಡೆಯಿತು.

"ಉತ್ತರ ಇಲ್ಲ ಹಮೀದಾಕ. ನಾನು ಆ ಪ್ರಶ್ನೆ ಕಳಿಸಲೇ ಇಲ್ಲ. ಅಳಿಸಿದೆ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟ.

"ಯಾಕೆ?"

"ಸರಿ ಕಾಣಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಡುವಾಗ..."

"ಹಾಗಾದ್ರೆ ಅವರು ಸುಳ್ಳು ಹೇಳ್ಲಿಲ್ಲ."

"ಇಲ್ಲ."

ಹಮೀದಾಕ ಪೆನ್ನಿನ ಕ್ಯಾಪ್ ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ಆ ಒರಟನ ಹತ್ರ ನಾಯಿ ಇತ್ತಾ?"

"ಎರಡು," ಎಂದೆ.

ಚಹಾ ಮುಟ್ಟದೆ ಎದ್ದು ಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆಮೇಲೆ ಇಡೀ ದಿನ ಯೋಚಿಸಿದೆ. ನಾವು ಎಲ್ಲವನ್ನೂ ಕೇಳುತ್ತೇವೆ. ಪಾರ್ಕಿಂಗ್ ಇದೆಯಾ, ವೈಫೈ ಇದೆಯಾ, ಊಟ ಹೇಗೆ. 'ಕೆಟ್ಟದ್ದಾದರೆ ಏನು ಮಾಡುತ್ತೀರಿ' ಎಂದು ಮಾತ್ರ ಕೇಳುವುದಿಲ್ಲ. ಆಪರೇಷನ್‌ಗೆ ಮೊದಲು ಡಾಕ್ಟರನ್ನು ಕೇಳುವುದಿಲ್ಲ. ಮಗಳನ್ನು ಕೊಡುವಾಗ ಬೀಗರನ್ನು ಕೇಳುವುದಿಲ್ಲ. ಕೇಳಿದರೆ ಅಪಶಕುನ, ಕೇಳಿದರೆ ಅವಮರ್ಯಾದೆ. ಆದರೆ ನಮ್ಮ ಈ ಮರ್ಯಾದೆಯ ಬೆಲೆ ತೆತ್ತದ್ದು ಯಾರು? ನಾನಲ್ಲ. ಎಲ್ಲೋ ಮುಳ್ಳುಪೊದೆಯ ನಡುವೆ ಹೊಟ್ಟೆಯಲ್ಲಿ ಬಾಣ ಇಟ್ಟುಕೊಂಡು ಓಡಿದ ಒಂದು ಜೀವ.

ಸೋಮವಾರ ಸಂಜೆ ಕ್ಷಮೆ ಕೇಳಲು ಮೇಲೆ ಹೋದೆ. ಹಮೀದಾಕರ ಮಗಳು ಶಿಫಾ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು. ಹತ್ತೊಂಬತ್ತರ ಹುಡುಗಿ, ಕಾಲೇಜು ಓದುತ್ತಾಳೆ. ಅಪ್ಪ ಹೇಳುತ್ತಿದ್ದರು, ಮಗಳು ಬರೆಯುತ್ತಿದ್ದಳು. ಅದೇ ಕ್ಯಾಂಪಿಗೆ ಪತ್ರ. ದೂರಲ್ಲ. ಜಿಂಕೆ ಆಮೇಲೆ ಸಿಕ್ಕಿತೇ, ಸತ್ತಿದ್ದರೆ ಯಾವ ಸ್ಥಿತಿಯಲ್ಲಿ ಸಿಕ್ಕಿತು, ಏನಿದ್ದರೂ ಮುಚ್ಚಿಡದೆ ತಿಳಿಸಿ. ತಪ್ಪು ಜಾಗಕ್ಕೆ ಹೊಡೆದವನು ನಾನು.

ಶಿಫಾ ಬೆರಳು ನಿಲ್ಲಿಸಿದಳು. "ಉಪ್ಪಾ, ಲಾಸ್ಟ್ ಲೈನ್ ಬೇಕಾ? ಇಟ್ ಸೌಂಡ್ಸ್ ಬ್ಯಾಡ್."

ಹಮೀದಾಕ ನನ್ನ ಕಡೆ ನೋಡಲಿಲ್ಲ. "ನಾನು ಹೇಳಿದ್ದನ್ನು ಬರಿ," ಎಂದರು.

ಅವಳು ಬರೆದಳು. ನಾನು ಬಾಗಿಲ ಬಳಿಯೇ ನಿಂತಿದ್ದೆ. ಕ್ಷಮೆ ಕೇಳದೆಯೇ ಕೆಳಗಿಳಿದು ಬಂದೆ. ಆ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ನನಗೆ ನಿದ್ದೆಯೂ ಸರಿಯಾಗಿ ಬರುತ್ತಿಲ್ಲ.

ಹದಿನೆಂಟು ವರ್ಷದಿಂದ ಈ ಬಿಲ್ಡಿಂಗಿನವರ ಪತ್ರಗಳನ್ನು ಸಭ್ಯ ಮಾಡುತ್ತಾ ಬಂದಿದ್ದೇನೆ. ಇನ್ನು ಯಾರ್ಯಾರು ನನ್ನಿಂದಾಗಿ ಬಾರದ ಉತ್ತರಕ್ಕೆ ಕಾಯುತ್ತಿದ್ದಾರೋ?