ಗೇರಿನ ಕೋಲಿಗೆ ಕ್ಲಚ್ ತಂದ ಮಿಸ್ತ್ರಿ

ಮಿಸ್ತ್ರಿಯವರ ಎಡಗೆನ್ನೆಯ ಮೇಲೆ ಸದಾ ಒಂದಿಷ್ಟು ಕೆಂಪು ಮಣ್ಣು ಅಂಟಿಕೊಂಡಿರುತ್ತಿತ್ತು. ಬಲಗೆನ್ನೆ ಮಾತ್ರ ಸ್ವಚ್ಛ. ಕಾರಿನ ಅಡಿಭಾಗ ನೋಡಬೇಕಾದಾಗ ಅವರು ಮಂಡಿಯೂರಿ, ಎರಡೂ ಅಂಗೈ ನೆಲಕ್ಕೆ ಊರಿ, ಎಡಗೆನ್ನೆಯನ್ನು ಮಣ್ಣಿಗೆ ತಾಗಿಸಿ ಇಣುಕುತ್ತಿದ್ದರು. ಜೀಪು, ಲಾರಿಗಳ ಕಾಲದಲ್ಲಿ ಇಷ್ಟು ಬಗ್ಗುವ ಅಗತ್ಯವೇ ಇರಲಿಲ್ಲವಂತೆ. ಅವುಗಳ ಕೆಳಗೆ ಕೂತು ಬುತ್ತಿ ಉಣ್ಣಬಹುದಿತ್ತು ಎನ್ನುತ್ತಿದ್ದರು. ಜಪಾನಿನ ಸಣ್ಣ ಕಾರು ಬಂದ ಮೇಲೆ ಕೆನ್ನೆ ನೆಲಕ್ಕೆ ಬಂತು.

ಕೊಟ್ಟೂರಿನಲ್ಲಿ ಅವರ ಗ್ಯಾರೇಜು ನಮ್ಮ ಮನೆಯಿಂದ ಎರಡು ಓಣಿ ಆಚೆ ಇತ್ತು. ಗ್ಯಾರೇಜು ಎಂದರೆ ನಾಲ್ಕು ಕಲ್ಲುಕಂಬ, ಮೇಲೆ ತಗಡು, ಒಂದು ಬೇವಿನ ಮರ. ಅವರ ಕಡೆಯವರೆಲ್ಲ ಕೂಡ್ಲಿಗಿ ಸುತ್ತಮುತ್ತ ಹೊಲದ ಕೂಲಿ ಮಾಡಿಕೊಂಡಿದ್ದವರು. ಇವರೊಬ್ಬರು ಲಾರಿ ಹತ್ತಿ ಕ್ಲೀನರ್ ಆಗಿ, ಕಂಡು ಕಂಡು ಕೆಲಸ ಕಲಿತು, ಮಿಸ್ತ್ರಿ ಎನಿಸಿಕೊಂಡಿದ್ದರು.

ಊರಿಗೆ ಮೊದಲ ಜಪಾನ್ ಕಾರು ತಂದದ್ದು ಒಬ್ಬ ಎಣ್ಣೆ ಮಿಲ್ಲಿನ ಮಾಲೀಕರು. ಪೆಟ್ಟಿಗೆಯಂಥ ಗಾಡಿ, ಪುಟ್ಟ ಪುಟ್ಟ ಗಾಲಿ. ಜನ ಸೋಪಿನ ಡಬ್ಬಿ ಎಂದು ನಕ್ಕರಂತೆ. ಬಾನೆಟ್ ಎತ್ತಿ ನೋಡಿದ ಮಿಸ್ತ್ರಿ ನಗಲಿಲ್ಲ. ಅದರೊಳಗೆ ಇಂಜಿನ್ ಉದ್ದಕ್ಕೆ ಇರಲಿಲ್ಲ, ಅಡ್ಡಕ್ಕೆ ಕೂತಿತ್ತು. ನಾಲ್ಕರ ಬದಲು ಮೂರೇ ಸಿಲಿಂಡರು. ಹಿಂದಿನ ಗಾಲಿಗಳು ತಳ್ಳುವ ಬದಲು ಮುಂದಿನ ಗಾಲಿಗಳು ಎಳೆಯುತ್ತಿದ್ದವು. ಅವರಲ್ಲಿದ್ದ ಇಂಚಿನ ಪಾನಾಗಳಲ್ಲಿ ಒಂದೂ ಅದರ ನಟ್ಟಿಗೆ ಕೂರಲಿಲ್ಲ; ಅದಕ್ಕೆಲ್ಲ ಹತ್ತು, ಹನ್ನೆರಡು, ಹದಿನಾಲ್ಕು ಎಂದು ಮಿಲಿಮೀಟರಿನ ಅಳತೆ. ಅವರು ದಾವಣಗೆರೆಗೆ ಹೋಗಿ ಹೊಸ ಪಾನಾಗಳ ಕಟ್ಟು ತಂದರು. ಮಾಲೀಕರನ್ನು ಕಾಡಿ ಬೇಡಿ ಗಾಡಿಯನ್ನು ಒಂದು ವಾರ ಇರಿಸಿಕೊಂಡು, ಇಂಜಿನ್ ಪೂರ್ತಿ ಬಿಚ್ಚಿ ಚಾಪೆಯ ಮೇಲೆ ಹರಡಿ, ಮತ್ತೆ ಜೋಡಿಸಿದರು. ಕೊನೆಗೆ ಚಾಪೆಯ ಮೇಲೆ ಒಂದು ವಾಷರ್ ಕೂಡ ಉಳಿದಿರಲಿಲ್ಲ. ಈ ಕತೆ ಹೇಳಿದಾಗಲೆಲ್ಲ ಅವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ಇದ್ರಾಗ ಬ್ಯಾಡಾಗಿದ್ದು ಅನ್ನೋದು ಒಂದೂ ಇಲ್ರಿ."

ನಾನು ಅವರ ಬಳಿ ಹೋದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿದೆ. ತೊಡೆಯವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತೇನೆ. ಆ ವರ್ಷ ತಂಬ್ರಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿತ್ತು. ಕೊಟ್ಟೂರಿನಿಂದ ಒಂದು ಬಸ್ಸು, ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಎತ್ತರ. ನಾನು ಪಟ್ಟಿಯ ಕಾಲನ್ನು ಎತ್ತಿ ಇಡುವಷ್ಟರಲ್ಲಿ ಹಿಂದಿನವರು ನುಗ್ಗಿ ಸೀಟು ಹಿಡಿದಿರುತ್ತಿದ್ದರು. ಎರಡು ಸಲ ಬಿದ್ದೆ. ವಾರಕ್ಕೆ ಮೂರು ದಿನವಾದರೂ ಮೊದಲ ಪಿರಿಯಡ್ ತಪ್ಪುತ್ತಿತ್ತು. ಆ ಊರಿನಲ್ಲೇ ಮನೆ ಮಾಡೋಣವೆಂದರೆ ನೀರು ಹೊತ್ತು ತರುವುದು ನನ್ನಿಂದ ಆಗದ ಕೆಲಸ, ಅಮ್ಮನಿಗೆ ಆಗಲೇ ಕಣ್ಣು ಮಂಜು. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಆದರೂ ಒಂದು ದಿನ ಕರೆದು, ಕೆಲಸ ಕಾಯಂ ಆಗುವ ವರದಿಯಲ್ಲಿ ಹಾಜರಿಯನ್ನು ಬರೆಯಲೇಬೇಕಾಗುತ್ತದೆ, ಏನಾದರೂ ದಾರಿ ಮಾಡಿಕೊಳ್ಳಿ ಎಂದರು.

ಕೂಡ್ಲಿಗಿಯಲ್ಲಿ ಕೆಲಸಕ್ಕಿದ್ದ ಅಣ್ಣ, ಅಲ್ಲಿ ಯಾರೋ ಡಾಕ್ಟರು ಮಾರುತ್ತಿದ್ದ ಹಳೆಯ ಬಿಳಿ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿದ. ಅದೇ ಜಪಾನಿನ ಸಣ್ಣ ಕಾರು. ಡ್ರೈವರ್ ಇಟ್ಟುಕೊಂಡೆವು. ಅವನು ತಿಂಗಳಲ್ಲಿ ಹತ್ತು ದಿನ ಬಾರದೇ ಹೋದ. ಕಾರು ಬಾಗಿಲಲ್ಲಿ ನಿಂತಿರುತ್ತಿತ್ತು, ನಾನು ಬಸ್ಸು ಕಾಯುತ್ತಿದ್ದೆ.

ಒಂದು ಭಾನುವಾರ ಮಿಸ್ತ್ರಿಯವರ ಬಳಿ ಹೋಗಿ, ನಾನೇ ಓಡಿಸುವಂತೆ ಏನಾದರೂ ಮಾಡಲು ಸಾಧ್ಯವೇ ಎಂದು ಕೇಳಿದೆ. ಅವರು ನನ್ನ ಕಾಲು ನೋಡಲಿಲ್ಲ. ಕಾರಿನ ಬಾಗಿಲು ತೆಗೆದು, ಒಳಗೆ ತಲೆ ಹಾಕಿ, ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ ಒತ್ತಿ ಬಿಟ್ಟರು. ಬಹಳ ಹೊತ್ತು ಅದನ್ನೇ ಮಾಡಿದರು. ಆಮೇಲೆ ವಿವರಿಸಿದರು: ಬಲಗಾಲು ಗಟ್ಟಿ ಇದೆ, ಬ್ರೇಕಿಗೂ ಆಕ್ಸಿಲರೇಟರಿಗೂ ಅದು ಸಾಕು. ಎಡಗಾಲಿಗೆ ಇರುವುದು ಕ್ಲಚ್ ಒಂದೇ. ಹಳೆಯ ದೊಡ್ಡ ಕಾರುಗಳ ಕ್ಲಚ್ಚಾಗಿದ್ದರೆ ಪೈಲ್ವಾನನ ಕೈಯೇ ಬೇಕಿತ್ತು. ಇದರದ್ದು ಬರೀ ಒಂದು ತಂತಿ, ಸೈಕಲ್ಲಿನ ಬ್ರೇಕಿನ ಹಾಗೆ. ತಂತಿಯನ್ನು ಕಾಲೇ ಎಳೆಯಬೇಕು ಎಂದೇನೂ ಇಲ್ಲ.

ಅದು ಹೇಳಿದಷ್ಟು ಸುಲಭವಾಗಲಿಲ್ಲ. ಗೇರಿನ ಕೋಲಿಗೇ ಒಂದು ಹಿಡಿ ಜೋಡಿಸಬೇಕು. ಎಡಗೈಯಿಂದ ಹಿಡಿ ಅದುಮಿದರೆ ಕ್ಲಚ್ ಬಿಡಬೇಕು, ಅದೇ ಕೈ ಗೇರನ್ನೂ ಬದಲಿಸಬೇಕು. ಮೊದಲು ಸ್ಕೂಟರಿನ ಹಿಡಿ ಹಾಕಿದರು. ಮೂರನೇ ಸಲಕ್ಕೆ ಅದರ ತಂತಿ ಕಡಿದುಹೋಯಿತು. ಆಮೇಲೆ ಬುಲೆಟ್ಟಿನದು ಹಾಕಿದರು. ತಂತಿ ತಡೆಯಿತು, ಆದರೆ ಹಿಡಿ ಎಷ್ಟು ಬಿಗಿಯೆಂದರೆ ಎರಡೂ ಕೈಯಿಂದ ಅದುಮಬೇಕಿತ್ತು. ನಾನು ಕೈ ಚೆಲ್ಲಿದೆ, ಬಿಟ್ಟುಬಿಡಿ ಮಿಸ್ತ್ರಿ ಎಂದೆ. ಅವರು ತಲೆ ಎತ್ತದೆ, ಸೋಮವಾರ ಬರ್ರಿ ಎಂದರು.

ಸೋಮವಾರ ಅವರು ಕಂಡುಕೊಂಡಿದ್ದನ್ನು ತೋರಿಸಿದರು. ಕಾಲಿನ ಪೆಡಲು ಗೇಣುದ್ದ ಒಳಗೆ ಹೋಗುತ್ತದೆ ನಿಜ. ಆದರೆ ಅದರಲ್ಲಿ ಮೊದಲಿನದು ಬರೀ ಸಡಿಲ, ಕೊನೆಯದು ಬರೀ ಅಭ್ಯಾಸ. ನಿಜವಾದ ಕೆಲಸ ಆಗುವುದು ನಡುವಿನ ಎರಡು ಬೆರಳಿನ ಅಂತರದಲ್ಲಿ. ಅಷ್ಟನ್ನು ಎಳೆದರೆ ಸಾಕು. ಲಾರಿಯ ಹಳೆಯ ಪಟ್ಟಿ ಕಾಯಿಸಿ ಬಡಿದು ಉದ್ದನೆಯ ಹೊಸ ಹಿಡಿ ಮಾಡಿದ್ದರು. ಉದ್ದ ಹೆಚ್ಚಿದಷ್ಟೂ ಕೈಗೆ ಭಾರ ಕಡಿಮೆ. ನಾನು ಗಣಿತದ ಶಿಕ್ಷಕಿ. ಸನ್ನೆಕೋಲಿನ ಲೆಕ್ಕವನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದವಳು. ಅದು ನನ್ನ ಅಂಗೈಗೆ ಅರ್ಥವಾದದ್ದು ಅವತ್ತು. ಹಿಡಿ ಅದುಮಿದೆ. ಗೇರು ಸದ್ದಿಲ್ಲದೆ ಬಿತ್ತು.

ಕಲಿಸಿದವರೂ ಅವರೇ. ಮಾರಾಟ ಇಲ್ಲದ ದಿನ ಸಂಜೆ ಮಾರುಕಟ್ಟೆಯ ಬಯಲಿನಲ್ಲಿ ಸುತ್ತು ಹೊಡೆಸುತ್ತಿದ್ದರು. ಬಯಲಿನಲ್ಲಿ ನಾನು ಬೇಗ ಕಲಿತೆ. ಕಷ್ಟವಾದದ್ದು ಏರು. ಸಾರಿಗೆ ಕಚೇರಿಯಲ್ಲಿ ಪರೀಕ್ಷೆಗೆ ಹೋದರೆ ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಿ ತೋರಿಸಬೇಕು ಎಂದು ಅವರು ವಿಚಾರಿಸಿಕೊಂಡು ಬಂದಿದ್ದರು. ಬೇರೆಯವರಾದರೆ ಕೈಬ್ರೇಕು ಹಿಡಿಯುತ್ತಾರೆ. ನನ್ನ ಎಡಗೈ ಕ್ಲಚ್ಚಿನ ಮೇಲಿರುತ್ತದೆ, ಬಲಗೈ ಸ್ಟಿಯರಿಂಗಿನ ಮೇಲೆ. ಮೂರನೆಯ ಕೈ ಎಲ್ಲಿಂದ ತರುವುದು?

ಕೆರೆ ಏರಿಯ ದಾರಿಯಲ್ಲಿ ಒಂದು ವಾರ ಪ್ರಯತ್ನಿಸಿದೆವು. ಪ್ರತಿ ಸಲವೂ ಗಾಡಿ ಹಿಂದಕ್ಕೆ ಜಾರುತ್ತಿತ್ತು, ನಾನು ಗಾಬರಿಯಿಂದ ಬ್ರೇಕ್ ತುಳಿದು ಇಂಜಿನ್ ಆರಿಸುತ್ತಿದ್ದೆ. ಪರೀಕ್ಷೆಗೆ ಎರಡು ದಿನ ಉಳಿದಾಗ ಅವರು ಪಕ್ಕದ ಸೀಟಿನಿಂದ ಇಳಿದು, ಕಾರಿನ ಹಿಂದೆ ಹೋಗಿ ನಿಂತರು. ಕನ್ನಡಿಯಲ್ಲಿ ಅವರ ಎದೆಯವರೆಗೆ ಮಾತ್ರ ಕಾಣುತ್ತಿತ್ತು. ಪಕ್ಕಕ್ಕೆ ಸರಿಯಿರಿ ಎಂದು ಕೂಗಿದೆ. ಅವರು ಕಿಟಕಿಯವರೆಗೆ ಬಂದು ಸಮಾಧಾನವಾಗಿ ಹೇಳಿದರು:

"ಅಕ್ಕೋರ, ನಿಮ್ಮ ಕಾಲಿಗೆ ಹೆದರಿಕಿ ಇಲ್ಲ, ಕೈಗೂ ಇಲ್ಲ. ಹಿಂದ ಏನೈತೋ ಅನ್ನೋ ಹೆದರಿಕಿ. ಹಿಂದ ನಾ ಅದೀನಿ, ಅಷ್ಟ. ಹಿಡಿ ಸಾವಕಾಶ ಸಡಿಲ ಬಿಡ್ರಿ. ಗಾಡಿ ಮೂಗು ಎತ್ತತೈತಿ. ಮೂಗು ಎತ್ತಿದ ಮ್ಯಾಲೆ ಬ್ರೇಕ್ ಬಿಡ್ರಿ, ಮೊದಲ ಬಿಡಬ್ಯಾಡ್ರಿ."

ಮತ್ತೆ ಹಿಂದೆ ಹೋಗಿ ನಿಂತರು. ಆ ಕ್ಷಣ ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ಹಿಡಿಯನ್ನು ಕೂದಲೆಳೆಯಷ್ಟು, ಇನ್ನೊಂದು ಎಳೆಯಷ್ಟು ಬಿಟ್ಟೆ. ಇಂಜಿನ್ನಿನ ಸದ್ದು ತಗ್ಗಿತು. ಬಾನೆಟ್ಟಿನ ಅಂಚು ನಿಜಕ್ಕೂ ಮೇಲಕ್ಕೆದ್ದಿತು. ಬ್ರೇಕಿನಿಂದ ಕಾಲು ತೆಗೆದೆ. ಗಾಡಿ ಎಲ್ಲಿತ್ತೋ ಅಲ್ಲೇ ನಿಂತಿತ್ತು, ಹಿಂದಕ್ಕೆ ಒಂದು ಅಂಗುಲ ಕೂಡ ಜಾರಲಿಲ್ಲ. ಆಮೇಲೆ ಏರಿಯ ನೆತ್ತಿಯವರೆಗೆ ಒಂದೇ ಓಟಕ್ಕೆ ಹೋದೆ. ಮೇಲೆ ನಿಲ್ಲಿಸಿ ಕನ್ನಡಿ ನೋಡಿದರೆ ಅವರು ಕೆಳಗೆ ರಸ್ತೆಯ ನಡುವೆ ಕೂತು ಬೀಡಿ ಹಚ್ಚುತ್ತಿದ್ದರು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಮಿಸ್ತ್ರಿಯವರ ಹಿಡಿಯನ್ನು ಬಗ್ಗಿ ಬಗ್ಗಿ ನೋಡಿದರು, ಹತ್ತು ಸಲ ಅದುಮಿದರು, ಯಾರು ಮಾಡಿದ್ದು ಎಂದು ಕೇಳಿದರು. ಪಕ್ಕದಲ್ಲಿ ಕೂತು ಏರು ಹತ್ತಿಸಿದರು, ನಡುವೆ ನಿಲ್ಲಿಸಲು ಹೇಳಿದರು. ಗಾಡಿ ಜಾರದೆ ಮತ್ತೆ ಹೊರಟಿತು. ಕೆಳಗೆ ಬಂದು ಕಾಗದಕ್ಕೆ ಸಹಿ ಹಾಕಿ, ಮಳೆಯಲ್ಲಿ ಆ ತಂತಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಿ ಎಂದರು, ಅಷ್ಟೇ. ವಾಪಸು ಬರುವಾಗ ನಾನು ದಾರಿಯುದ್ದಕ್ಕೂ ಮಾತಾಡಿದೆ. ಮಿಸ್ತ್ರಿ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು. ಮರುದಿನ ಶಾಲೆಯ ಗೇಟು ತೆಗೆಯುವ ಮೊದಲೇ ನಾನು ಅಲ್ಲಿದ್ದೆ. ಮುಖ್ಯೋಪಾಧ್ಯಾಯರು ಸೈಕಲ್ಲಿನಿಂದ ಇಳಿದು ಕಾರನ್ನೂ ನನ್ನನ್ನೂ ನೋಡಿ, ಹಾಜರಿ ಪುಸ್ತಕ ತರಲು ಒಳಗೆ ಹೋದರು.

ಆಮೇಲೆ ಜಪಾನ್ ಕಾರುಗಳು ಬದಲಾಗುತ್ತಾ ಹೋದವು. ಅಗಲವಾದದ್ದು ಬಂತು, ಕುರ್ಚಿಯ ಮೇಲೆ ಕೂತಂತೆ ನೆಟ್ಟಗೆ ಕೂರುವ ಎತ್ತರದ್ದು ಬಂತು. ನಾಲ್ಕಿದ್ದ ಗೇರು ಐದಾಯಿತು. ಬೆಳಿಗ್ಗೆ ಎಳೆಯುತ್ತಿದ್ದ ಚೋಕ್ ಹೋಯಿತು, ಕಾರ್ಬುರೇಟರ್ ಹೋಗಿ ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಚಿಮ್ಮಿಸುವ ಇಂಜಿನ್ ಬಂತು. ಮಿಸ್ತ್ರಿಗೆ ಐವತ್ತು ದಾಟಿತ್ತು. ಇನ್ನು ನನ್ನ ಕಾಲ ಮುಗೀತು ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಎಲ್ಲಿಂದಲೋ ಇಂಗ್ಲಿಷಿನ ದಪ್ಪ ಕೈಪಿಡಿಯೊಂದನ್ನು ತಂದು, ಓದಿ ಹೇಳ್ರಿ ಅಕ್ಕೋರ ಎಂದರು. ಒಂದಿಡೀ ಬೇಸಿಗೆ ಬೇವಿನ ಮರದ ಕೆಳಗೆ ಕೂತು ಅದನ್ನು ಕನ್ನಡದಲ್ಲಿ ಹೇಳಿದೆ. ಅರ್ಥವಾಗದ ಕಡೆ ನಾನು ತೊದಲಿದರೆ ಅವರೇ ಮುಂದಿನದನ್ನು ಊಹಿಸಿ ಹೇಳಿಬಿಡುತ್ತಿದ್ದರು. ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ಹೊಸ ಕಾರುಗಳು ಅವರ ತಗಡಿನ ಕೆಳಗೆ ಬಂದು ನಿಲ್ಲತೊಡಗಿದವು.

ಒಂದು ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಬರಿಗಾಲಲ್ಲಿ ಓಡಿ ಬಂದರು. ಮಿಸ್ತ್ರಿಗೆ ಎದೆ ಹಿಡಿದಿದೆ, ಮೈಯೆಲ್ಲ ಬೆವರು. ಊರಿನ ಡಾಕ್ಟರು ಒಂದು ಮಾತ್ರೆ ಕೊಟ್ಟು, ತಡ ಮಾಡದೆ ದಾವಣಗೆರೆಗೆ ಒಯ್ಯಿರಿ ಎಂದಿದ್ದರು. ಮದುವೆಯ ದಿನಗಳು, ಬಾಡಿಗೆ ಜೀಪುಗಳೆಲ್ಲ ದಿಬ್ಬಣಕ್ಕೆ ಹೋಗಿದ್ದವು. ಗ್ಯಾರೇಜಿನಲ್ಲಿ ನಾಲ್ಕು ಕಾರುಗಳಿದ್ದರೂ ಒಂದರ ಇಂಜಿನ್ ಕೂಡ ಕೂಡಿಸಿದ ಸ್ಥಿತಿಯಲ್ಲಿರಲಿಲ್ಲ.

ಅವರನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು, ತಲೆ ಹೆಂಡತಿಯ ತೊಡೆಯ ಮೇಲೆ. ನಾನು ಅಷ್ಟು ದೂರ ಒಂದೇ ಸಮನೆ ಓಡಿಸಿದವಳಲ್ಲ. ಹರಪನಹಳ್ಳಿ ದಾಟುವವರೆಗೆ ಹಿಂದಿನಿಂದ ನರಳುವ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರು ಅಡ್ಡ ಬಂದಾಗ ತಕ್ಷಣ ಗೇರು ಬದಲಿಸಲು ಸಿಗಲಿ ಎಂದು ಎಡಗೈಯಿಂದ ಹಿಡಿಯನ್ನು ತುಸು ಅದುಮಿಯೇ ಇಟ್ಟಿದ್ದೆ. ಎಷ್ಟೋ ಹೊತ್ತಾದ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು.

"ಅಕ್ಕೋರ, ಕ್ಲಚ್ ಮ್ಯಾಲೆ ಕೈ ಇಟ್ಕಂಡು ಓಡಿಸಬ್ಯಾಡ್ರಿ. ಪ್ಲೇಟು ಸವೀತೈತಿ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕೈ ತೆಗೆದೆ. ಕಾರು ಹಗುರಾಗಿ ಓಡಿತು, ನಾನೂ ಹಗುರಾದೆ. ಆಸ್ಪತ್ರೆಯಲ್ಲಿ ಡಾಕ್ಟರು, ಸರಿಯಾದ ಹೊತ್ತಿಗೆ ತಂದಿರಿ ಎಂದರು. ಸಂಜೆಯ ಹೊತ್ತಿಗೆ ಗಂಡಾಂತರ ಕಳೆದಿದೆ ಎಂದರು. ಅವರ ಹೆಂಡತಿ ನನ್ನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದರು, ಬಿಡಲೇ ಇಲ್ಲ.

ಹತ್ತು ದಿನದ ಮೇಲೆ ಅವರನ್ನು ಮನೆಗೆ ಕರೆತಂದದ್ದೂ ನಾನೇ. ಈ ಸಲ ಮುಂದೆ, ನನ್ನ ಪಕ್ಕದಲ್ಲಿ ಕೂತರು. ಗೇರು ತಡವಾಯಿತು, ಗಾಲಿ ಹಳ್ಳಕ್ಕಿಳಿಯಿತು ಎಂದು ಏನಾದರೂ ಹೇಳಿಯೇ ಹೇಳುತ್ತಾರೆ ಎಂದು ಕಾದೆ. ದಾವಣಗೆರೆಯ ಹೊರಗೆ ಬರುತ್ತಲೇ ಅವರ ಸದ್ದಿಲ್ಲ. ಓರೆಗಣ್ಣಿನಿಂದ ನೋಡಿದರೆ ತಲೆಯನ್ನು ಕಿಟಕಿಗೆ ಒರಗಿಸಿ ನಿದ್ದೆ ಹೋಗಿದ್ದರು. ಹಿಂದೆ ಕೂತಿದ್ದ ಅವರ ಹೆಂಡತಿ ಮುಂದಕ್ಕೆ ಬಾಗಿ, ಅವರಿಗೆ ಎಚ್ಚರವಾಗದಂತೆ ಮೆಲ್ಲಗೆ ಹೇಳಿದರು: "ಇವರು ಯಾರ ಗಾಡ್ಯಾಗೂ ಎಂದೂ ಕಣ್ಣು ಮುಚ್ಚಿದವರಲ್ಲವ್ವ."

ಕೊಟ್ಟೂರಿನವರೆಗೂ ನಾನು ಹಾರ್ನ್ ಹೊಡೆಯಲಿಲ್ಲ.

ಅದಾದ ಮೇಲೆ ಅವರು ಐದಾರು ವರ್ಷ ಬದುಕಿದ್ದರು, ಕೆಲಸವನ್ನೂ ಮಾಡಿದರು. ಎಡಗಾಲಿಲ್ಲದ ಒಬ್ಬ ಅಂಚೆ ನೌಕರರಿಗೆ, ಹಿರೇಹಡಗಲಿಯ ಒಬ್ಬ ಅಂಗಡಿಯವರಿಗೆ ನನ್ನದರಂಥದ್ದೇ ಹಿಡಿ ಮಾಡಿಕೊಟ್ಟರು. ಅವರು ತೀರಿಕೊಂಡ ದಿನ ನಾನು ಶಾಲೆಯಲ್ಲಿ ಪರೀಕ್ಷೆಯ ಕೊಠಡಿಯಲ್ಲಿದ್ದೆ. ಫೋನು ಬಂತು. ಇನ್ನೊಂದು ತಾಸಿನಲ್ಲಿ ಎತ್ತುತ್ತಾರೆ ಎಂದು ಅಮ್ಮ ಹೇಳಿದಳು. ಮುಖ್ಯೋಪಾಧ್ಯಾಯರಿಗೆ ಹೇಳಿ ಹೊರಟೆ. ಹಗರಿಬೊಮ್ಮನಹಳ್ಳಿಯ ನಿಲ್ದಾಣದ ಮುಂದೆ ಹಾದಾಗ ಕೊಟ್ಟೂರಿನ ಬಸ್ಸಿಗೆ ಜನ ಇನ್ನೂ ಕಾಯುತ್ತಿದ್ದರು. ನಾನು ಓಣಿಯೊಳಗೆ ತಿರುಗುವಾಗ ಅವರನ್ನು ಬಾಗಿಲಿಗೆ ತಂದಿದ್ದರಷ್ಟೇ. ಜನ ಸರಿದು ದಾರಿ ಬಿಟ್ಟರು. ಮುಖ ನೋಡಲು ಸಿಕ್ಕಿತು.