ಎಡಸುತ್ತಿನ ಪುಟ್ಟಿ

ಬೆಳಿಗ್ಗೆಯಿಂದ ನಮ್ಮ ಓಣಿಗೆ ಡಾಂಬರು ಹಾಕುತ್ತಿದ್ದಾರೆ. ಮಾಳಿಗೆಯ ಮೇಲೆ ಒಣಗಲು ಹರವಿದ್ದ ಸಂಡಿಗೆಗೂ ಅದರ ವಾಸನೆ ಹತ್ತಿದೆ. ನಮ್ಮ ಯಜಮಾನರು ಮೂಗಿಗೆ ಟವೆಲ್ ಕಟ್ಟಿಕೊಂಡು ಒಳಗಿನ ಕೋಣೆ ಸೇರಿದರು. ನಾನು ಮಾತ್ರ ಕಿಟಕಿ ಮುಚ್ಚಲಿಲ್ಲ. ಸೇಡಂನ ಈ ಬಿಸಿಲಿನಲ್ಲಿ ಡಾಂಬರಿನ ವಾಸನೆ ಮೂಗಿಗೆ ಬಂದರೆ ನನಗೆ ಹೊಳೆ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ನನ್ನ ಅವ್ವನ ತವರು ಕಾಗಿಣಾ ಹೊಳೆಯ ದಂಡೆಯ ಮೇಲಿತ್ತು. ಅಲ್ಲಿ ಅಜ್ಜನ ಮನೆತನದ್ದು ಹರಗೋಲು ಮಾಡುವ ಕಸುಬು. ಊರಲ್ಲಿ ಅದನ್ನು ಪುಟ್ಟಿ ಎನ್ನುತ್ತಿದ್ದರು. ಬಿದಿರಿನ ಸೀಳುಗಳನ್ನು ನೆಲದ ಮೇಲೆ ಹೆಣೆದು, ನಡುವೆ ಕಲ್ಲು ಹೇರಿ, ಅಂಚನ್ನು ಮೆಲ್ಲಗೆ ಮೇಲೆಬ್ಬಿಸಿದರೆ ದೊಡ್ಡದೊಂದು ಬುಟ್ಟಿ. ಅದರ ಹೊರಮೈಗೆ ಗೊಬ್ಬರದ ಚೀಲ ಹೊಲಿದು ಕಾಯಿಸಿದ ಡಾಂಬರು ಬಳಿದರೆ ಪುಟ್ಟಿ. ಮಳೆಗಾಲದಲ್ಲಿ ಹೊಳೆ ತುಂಬಿ ಕೆಳಗಿನ ಸೇತುವೆ ಮುಳುಗಿತೆಂದರೆ, ಸಂತೆಗೆ ಹೋಗುವವರು, ಹೆರಿಗೆಗೆ ಹೋಗುವವರು, ಎಲ್ಲರಿಗೂ ಅಜ್ಜನ ಪುಟ್ಟಿಯೇ ಗತಿ.

ಆ ವರ್ಷ ನನಗೆ ಮದುವೆಯ ಮಾತು ನಡೆದಿತ್ತು. ಅಡುಗೆ ಕಲಿಯಲಿ ಎಂದು ಅವ್ವ ನನ್ನನ್ನು ತವರಿಗೆ ಕಳಿಸಿದ್ದಳು. ಅಡುಗೆ ಕಲಿತೆನೋ ಇಲ್ಲವೋ, ಇವರನ್ನೇ ಕೇಳಬೇಕು. ನಾನು ದಿನವಿಡೀ ನೋಡಿದ್ದು ಸಾಯಬಣ್ಣ ಮಾವನನ್ನು. ಅವ್ವನ ಕೊನೆಯ ತಮ್ಮ, ನನಗಿಂತ ತುಸುವೇ ದೊಡ್ಡವನು. ಅಜ್ಜನ ಕೈ ನಡುಗಲು ಶುರುವಾಗಿದ್ದರಿಂದ ಮೊದಲ ಸಲ ಒಂದು ಪುಟ್ಟಿಯನ್ನು ಪೂರಾ ಒಬ್ಬನೇ ಹೆಣೆಯುತ್ತಿದ್ದ. ಅಂಚು ಕಟ್ಟಿ ಮುಗಿಸಿದ ದಿನ ಅಜ್ಜ ಕೋಲೂರಿಕೊಂಡು ಬಂದು ಸುತ್ತ ನೋಡಿದ. ಕೋಲು ನೆಲಕ್ಕೆ ಬಡಿದ.

"ಲೇ, ಇದು ಎಡಸುತ್ತು ಆಗ್ಯದ!"

ಮಾವ ಎಡಚ. ಅವನ ಕೈಗೆ ಹೆಣಿಗೆ ಎಡಕ್ಕೇ ಓಡಿತ್ತು. ನಮ್ಮವರಲ್ಲಿ ಪುಟ್ಟಿಯನ್ನು ಬಲಸುತ್ತಿನಲ್ಲೇ ಹೆಣೆಯಬೇಕು. ಹೆಣಿಗೆ ಯಾವ ಕಡೆಗೋ ನೀರಿನಲ್ಲಿ ಪುಟ್ಟಿ ತಿರುಗುವುದೂ ಆ ಕಡೆಗೇ ಎಂಬ ನಂಬಿಕೆ. ಎಡಸುತ್ತು ಹೆಣಕ್ಕೆ ಹಾಕುವ ಸುತ್ತು.

"ಬಿಚ್ಚು. ಇದು ನೀರಿಗಿ ಇಳಿಯಂಗಿಲ್ಲ."

"ಬಿಚ್ಚಂಗಿಲ್ಲಪ್ಪ. ಇದು ನೀರಿಗಿ ಬೀಳ್ಲಿಲ್ಲಂದ್ರ ನಾ ನಾಳಿಂದ ಫ್ಯಾಕ್ಟರಿಗಿ ಮೂಟಿ ಹೊರಾಕ ಹೋಗ್ತೀನಿ. ಅಲ್ಲಿ ಯಾವ ಹೆಗಲು ಅಂತ ಯಾರೂ ಕೇಳಂಗಿಲ್ಲ."

ಸಿಮೆಂಟ್ ಫ್ಯಾಕ್ಟರಿಗೆ ಹೋದ ನಮ್ಮ ಹುಡುಗರಲ್ಲಿ ಒಬ್ಬನೂ ಹೊಳೆಗೆ ತಿರುಗಿ ಬಂದಿರಲಿಲ್ಲ. ಅಜ್ಜನಿಗೆ ಉಳಿದಿದ್ದವನು ಇವನೊಬ್ಬನೇ. ಮಾವ ತನ್ನ ಪಾಡಿಗೆ ಪುಟ್ಟಿಗೆ ಚೀಲ ಹೊಲಿದು ಡಾಂಬರು ಬಳಿದ; ಮನೆಯಲ್ಲಿ ಎರಡು ದಿನ ಮಾತಿಲ್ಲ. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾದದ್ದನ್ನು ಕೂಡ ಯಾರೂ ಹೇಳಲಿಲ್ಲ ಎಂದರೆ ನೋಡಿ.

ಮೂರನೆಯ ದಿನ ಅಜ್ಜಿ ಎದ್ದಳು. ಹೊಸ ಪುಟ್ಟಿಯಲ್ಲಿ ಮೊದಲು ಮನೆಯ ಹೆಂಗಸು ಕೂರಬೇಕು. ಮನೆಯವರೇ ನಂಬದಿದ್ದರೆ ಊರವರು ಹೇಗೆ ನಂಬುತ್ತಾರೆ ಎಂದು ಈ ಪದ್ಧತಿ. ಅಜ್ಜಿ ಹಸಿರು ಇಳಕಲ್ ಸೀರೆ ಉಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ನಡಿ ಸಾಯಬಣ್ಣ" ಎಂದಳು. ಮಾವ ಪುಟ್ಟಿಯನ್ನು ಬೆನ್ನ ಮೇಲೆ ಬೋರಲು ಹೊತ್ತು ಹೊರಟ, ಆಮೆಯ ಹಾಗೆ. ಹಿಂದೆ ನಾನು. ನನ್ನ ಹಿಂದೆ, ಬೈಯುತ್ತ, ಅಜ್ಜ.

ದಂಡೆಯ ಮೇಲೆ ಬಳೆಗಾರ ಮಸ್ತಾನ್ ಚಾಚಾ ಬಳೆಯ ಗಂಟು ಹೊತ್ತು ನಿಂತಿದ್ದರು. ಅಜ್ಜಿಯನ್ನು ಕಂಡು, "ಏನ್ ಯಮನವ್ವ, ಮದುವಿ ಹೆಣ್ಣಿನಂಗ ಹೊಂಟೀದಿ?" ಎಂದರು.

"ನೀನೂ ಬಾ ಚಾಚಾ, ಬೀಗರು ಕಡಿಮಿ ಅದಾರ."

"ನಾ ಒಲ್ಲೆವ್ವ. ನೀ ಮುಳುಗಿದ್ರ ಸೀರಿ ಹೋಗ್ತದ, ನಾ ಮುಳುಗಿದ್ರ ಬಳಿ ಹೋಗ್ತಾವ!"

ಅಜ್ಜಿಯನ್ನು ಕೂರಿಸಿಕೊಂಡು ಮಾವ ಹುಟ್ಟು ಹಾಕಿದ. ಪುಟ್ಟಿ ನಡುನೀರಿಗೆ ಹೋಗಿ ಒಂದು ಸುತ್ತು ತಿರುಗಿತು. "ಎಡಕ್ಕ! ನೋಡು, ಎಡಕ್ಕ ತಿರುಗ್ತು!" ಅಂತ ಅಜ್ಜ ಕೂಗಿದ. ಚಾಚಾ, "ಬಲಕ್ಕಲ್ಲೇನೋ ಭೀಮಣ್ಣ?" ಎಂದರು. ಇಬ್ಬರೂ ನನ್ನ ಕಡೆ ನೋಡಿದರು. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಎಡ ಬಲ ಇಂದಿಗೂ ತಟ್ಟನೆ ತಿಳಿಯುವುದಿಲ್ಲ. ಉಣ್ಣುವ ಕೈ ಯಾವುದೆಂದು ಬಾಯಿಯವರೆಗೆ ಎತ್ತಿ ನೋಡಿಕೊಳ್ಳಬೇಕು. ನಾನು ಕೈ ಎತ್ತುವಷ್ಟರಲ್ಲಿ ಪುಟ್ಟಿ ಆಚೆ ದಂಡೆ ಮುಟ್ಟಿತ್ತು.

ತಿರುಗಿ ಬಂದ ಅಜ್ಜಿಯ ಸೀರೆಯ ಅಂಚು ಕೂಡ ತೊಯ್ದಿರಲಿಲ್ಲ. ಅಜ್ಜ ಎಡಸುತ್ತು ಎಂದು ಮತ್ತೆ ಶುರು ಮಾಡಿದ.

"ನೀವು ದಂಡಿ ಮ್ಯಾಲ ನಿಂತು ನೋಡೀರಿ. ನಾ ಒಳಗ ಕುಂತು ನೋಡೀನಿ" ಎಂದಳು ಅಜ್ಜಿ. "ಅಲ್ಲಿ ಪುಟ್ಟಿ ತಿರುಗ್ಲೇ ಇಲ್ಲ, ಊರೇ ತಿರುಗ್ತು. ಗಿಡ, ಮನಿ, ನೀವು, ಎಲ್ಲಾ ನನ್ನ ಸುತ್ತ ಬಲಕ್ಕ ಹೊಂಟಿದ್ರಿ. ಊರಿಗಿ ಊರೇ ನನಗ ಪ್ರದಕ್ಷಿಣಿ ಹಾಕ್ತು. ಇನ್ನೇನ್ ಬೇಕು?"

ಚಾಚಾ ಗಂಟು ಇಳಿಸಿ ನಕ್ಕರು. ಅಜ್ಜ ನಗಲಿಲ್ಲ. ಮರುದಿನ ಬೆಳಿಗ್ಗೆ ತನ್ನ ಬಿದಿರು ಸೀಳುವ ಕತ್ತಿಯನ್ನು ಮಾವನ ಮುಂದೆ ಇಟ್ಟ. ಅದರ ಅಲಗು ಒಂದೇ ಮಗ್ಗುಲಿಗೆ ಮಸೆದದ್ದು, ಬಲಗೈಯವರಿಗೆ ಮಾತ್ರ ಬರುವಂಥದ್ದು. ಈಗ ನೋಡಿದರೆ ಆ ಮಗ್ಗುಲು ಎಡಗೈಗೆ ಬದಲಾಗಿತ್ತು; ಅದು ಕಂಬಾರನಿಂದಷ್ಟೇ ಆಗುವ ಕೆಲಸ. "ನನ್ನ ಕೈಗಿ ಇದು ಬರಂಗಿಲ್ಲ ಇನ್ನ" ಎಂದಷ್ಟೇ ಹೇಳಿ ಎದ್ದು ಹೋದ. ಮಾವ ಫ್ಯಾಕ್ಟರಿಗೆ ಹೋಗಲಿಲ್ಲ.

ಅಜ್ಜಿಯ ಒಂದು ಮಾತಿಗೆ ಅಜ್ಜ ಸೋತ ಎಂದು ನಾನು ಇಷ್ಟು ವರ್ಷ ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಇವತ್ತು ಈ ವಾಸನೆಗೆ ತಡೆಯಲಾಗದೆ ಮಾವನಿಗೆ ಫೋನ್ ಮಾಡಿ ಕೇಳಿದೆ: "ಮಾಮಾ, ಅವತ್ತು ಪುಟ್ಟಿ ಖರೇ ಯಾವ ಕಡಿ ತಿರುಗ್ತು?"

"ಹೆಣಿಗಿ ನೋಡಿ ಪುಟ್ಟಿ ತಿರುಗ್ತದೇನ ಯವ್ವಾ? ಹುಟ್ಟು ಹೊಡದಂಗ ತಿರುಗ್ತದ. ಎಡಕ್ಕ ನಾನೇ ತಿರುಗಿಸ್ದೆ, ಅಪ್ಪನ ಮ್ಯಾಲಿನ ಸಿಟ್ಟಿಗಿ."

"ಅಜ್ಜಗ ಅದು ತಿಳೀಲಿಲ್ಲೇನು?"

"ಜಲ್ಮೆಲ್ಲಾ ಹುಟ್ಟು ಹಾಕ್ದವಗ ತಿಳಿಯಂಗಿಲ್ಲೇನು? ಇನ್ನೊಂದು ಕೇಳು. ನಮ್ಮ ಕಂಬಾರ ಆ ವಾರೆಲ್ಲ ಮಗಳ ಊರಿಗಿ ಹೋಗಿದ್ದ. ಹಂಗಾರ ಆ ಕತ್ತಿ ಮಸಿಸಿದ್ದು ಯಾವಾಗ? ನಾ ಪುಟ್ಟಿ ಹೆಣೀಲಿಕತ್ತಾಗೇ ಅಪ್ಪ ಮಸಿಸಿ ಇಟ್ಟಿದ್ದ."

ಅಜ್ಜ ಮೊದಲೇ ಒಪ್ಪಿದ್ದರೆ ಕೋಲು ಬಡಿದದ್ದು ಯಾಕೆ? ಎರಡು ದಿನ ಮಾತು ಬಿಟ್ಟದ್ದು ಯಾಕೆ? "ಅಷ್ಟು ಒದರಾಡಿದ್ದು ಯಾಕ ಮಾಮಾ?"

"ಯಾರಿಗಿ ಗೊತ್ತು?" ಎಂದ ಮಾವ. "ನನ್ನ ಮಗ ಫೈಬರ್ ಪುಟ್ಟಿ ಮಾಡ್ಯಾನ, ಚಿಂಚೋಳಿ ಕಡಿ ಮೀನಿನವರಿಗಿ. ಅದಕ್ಕ ಹೆಣಿಗೀನೇ ಇಲ್ಲ, ಎಡಾ ಇಲ್ಲ ಬಲಾ ಇಲ್ಲ. ನೀರಿಗಿ ಇಡಬ್ಯಾಡ ಅಂತ ನಾನೂ ಒದರ್ಲಿಕತ್ತೀನಿ. ಯಾಕಂತ ಕೇಳಿದ್ರ ನನಗೂ ಹೇಳ್ಲಿಕ್ಕ ಬರಂಗಿಲ್ಲ. ನಿಮ್ಮ ಮಾಮಿ ಇದ್ದಿದ್ರ ಇಷ್ಟೊತ್ತಿಗಿ ಹೋಗಿ ಅದರಾಗ ಕುಂತಿರ್ತಿದ್ದಳು."

ಫೋನ್ ಇಟ್ಟು ಇವರಿಗೆ ಹೇಳಿದೆ, ಐತವಾರ ಮಾವನ ಊರಿಗೆ ಹೋಗಿ ಬರುತ್ತೇನೆ ಎಂದು.

"ನಿನಗ ಈಜು ಬರಂಗಿಲ್ಲ, ಹೊಳಿಗಿ ಏನ್ ಮಾಡ್ಲಿಕ್ಕ ಹೋಗ್ತಿ?" ಎಂದು ಟವೆಲ್‌ನೊಳಗಿಂದಲೇ ಕೇಳಿದರು.

"ಕುಂದ್ರಲಿಕ್ಕ" ಎಂದೆ.